ಇನ್ನೂರು ಯೂನಿಟ್ ಗೆರೆಯ ಆಚೆ, ಈಚೆ

"ಸೋಲಾರ್ ಹಾಕಿಸಿದ್ರೆ 78,000 ಸಬ್ಸಿಡಿ ಬರುತ್ತಂತಲ್ರೀ, ನಾವೂ ಹಾಕಿಸೋದಾ?" ಅಂತ ನಮ್ಮ ಬೀದಿಯಲ್ಲಿ ಯಾರಾದರೂ ಕೇಳಿದರೆ ನನ್ನ ಉತ್ತರ ಒಂದೇ. ಮೊದಲು ಕರೆಂಟ್ ಬಿಲ್ ತಗೊಂಡು ಬರ್ರಿ. ಒಂದಲ್ಲ, ಮೂರ್ನಾಲ್ಕು ತಿಂಗಳದ್ದು. ಅದರಲ್ಲಿ ಏಪ್ರಿಲ್ ತಿಂಗಳದ್ದು ಇರಲೇಬೇಕು.

ದಾವಣಗೆರೆ ಮಂಡಿಪೇಟೆಯ ಒಂದು ಕಿರಾಣಿ ಹೋಲ್‌ಸೇಲ್ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ಯಾರಾದರೂ "ಉಳಿತಾಯ" ಅಂದರೆ ಸಾಕು, ಎಷ್ಟು, ಯಾವ ತಿಂಗಳು, ಯಾರ ಖಾತೆಗೆ ಅಂತ ಕೇಳುವ ಚಟ ಹತ್ತಿಬಿಟ್ಟಿದೆ. ಮನೆಯಲ್ಲಿ ಇದಕ್ಕೆ ಬೈಸಿಕೊಳ್ಳುತ್ತೇನೆ. ಆದರೆ ಕರೆಂಟ್ ವಿಷಯದಲ್ಲಿ ಈ ಚಟ ಕೆಲಸಕ್ಕೆ ಬಂತು. ಸರ್ಕಾರ ಕೊಡುವ ಸಬ್ಸಿಡಿ, ರಿಯಾಯಿತಿ, ಉಚಿತ ಎಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆದು ನೋಡಿದಾಗ ಗೊತ್ತಾಯಿತು: ಯಾವುದರಿಂದ ಲಾಭ ಅನ್ನೋದು ಆ ಯೋಜನೆ ಎಷ್ಟು ದೊಡ್ಡದು ಅನ್ನೋದರ ಮೇಲೆ ನಿಂತಿಲ್ಲ. ನಿಮ್ಮ ಮನೆಯ ಬಿಲ್ 200 ಯೂನಿಟ್ ಗೆರೆಯ ಯಾವ ಕಡೆ ಇದೆ, ಅದರ ಮೇಲೆ ನಿಂತಿದೆ.

ಗೃಹಜ್ಯೋತಿ ಎಲ್ಲರಿಗೂ ಗೊತ್ತು. 2023ರ ಜುಲೈ ತಿಂಗಳ ಬಳಕೆಯಿಂದ ಶುರುವಾಯಿತು, ಆಗಸ್ಟ್‌ನಲ್ಲಿ ಸೊನ್ನೆ ಬಿಲ್ ಕೈಗೆ ಬಂತು. "200 ಯೂನಿಟ್ ಫ್ರೀ" ಅಂತ ಬಾಯಿಮಾತಿನಲ್ಲಿ ಹೇಳುತ್ತೇವೆ. ನಿಜವಾಗಿ ಎಲ್ಲರಿಗೂ 200 ಫ್ರೀ ಇಲ್ಲ. 2022-23ರಲ್ಲಿ ನಿಮ್ಮ ಮನೆ ತಿಂಗಳಿಗೆ ಸರಾಸರಿ ಎಷ್ಟು ಸುಟ್ಟಿತೋ ಅದಕ್ಕೆ 10% ಸೇರಿಸಿದರೆ ಬರುವುದು ನಿಮ್ಮ ಮಿತಿ. ತುಂಬಾ ಕಡಿಮೆ, ಅಂದರೆ 48 ಯೂನಿಟ್‌ಗಿಂತ ಕಡಿಮೆ ಬಳಸುವವರಿಗೆ 10% ಅಂದರೆ ಏನೂ ಸಿಗಲ್ಲ ಅಂತ ಆಮೇಲೆ ಅವರಿಗೆ 10 ಯೂನಿಟ್ ಸೇರಿಸಿ ಕೊಟ್ಟರು. ಹಳೇ ಲೆಕ್ಕವೇ ಇಲ್ಲದ ಹೊಸ ಮನೆ, ಹೊಸ ಬಾಡಿಗೆದಾರರಿಗೆ 53 ಯೂನಿಟ್ ಸರಾಸರಿ ಅಂತ ಹಿಡಿದು 58 ಕೊಡುತ್ತಾರೆ.

ನಿಟ್ಟುವಳ್ಳಿಯ ನಮ್ಮ ಮನೆಗೆ ಸರಾಸರಿ 130, ಮಿತಿ 143. ಎದುರು ಮನೆಯ ಅಜ್ಜಿ ಒಬ್ಬರೇ ಇರೋದು. ಅವರ ಸರಾಸರಿ 38, ಮಿತಿ 48. ಮೂಲೆ ಮನೆಯವರಿಗೆ 180ರ ಮೇಲೆ ಮಿತಿ ಇದೆ, ಯಾಕೆಂದರೆ ಆ ವರ್ಷ ಅವರ ಮನೆಯಲ್ಲಿ ಮಗಳ ಮದುವೆ, ಬಾಣಂತನ ಎಲ್ಲಾ ನಡೆದು ಗೀಸರ್ ಹಗಲೂ ರಾತ್ರಿ ಉರಿದಿತ್ತು.

ಇಲ್ಲಿ ನನಗೊಂದು ಸಿಟ್ಟಿದೆ, ಹೇಳಿಬಿಡ್ತೀನಿ. 2015ರ ಡಿಸೆಂಬರ್‌ನಲ್ಲಿ ನಮ್ಮ ರಾಜ್ಯದಲ್ಲಿ "ಹೊಸ ಬೆಳಕು" ಅಂತ ಎಲ್‌ಇಡಿ ಬಲ್ಬ್ ಯೋಜನೆ ಬಂತು, ನೆನಪಿದೆಯಾ? ಕೇಂದ್ರದ ಉಜಾಲಾ ಯೋಜನೆಯದೇ ನಮ್ಮೂರ ಹೆಸರು. ಕರೆಂಟ್ ಬಿಲ್ ತೋರಿಸಿ, ಸಾಲಿನಲ್ಲಿ ನಿಂತು, 9 ವ್ಯಾಟ್ ಬಲ್ಬ್ ತಂದಿದ್ದೆವು. ಅಂಗಡಿಯಲ್ಲಿ ಆಗ ಎಲ್‌ಇಡಿ ಅಂದರೆ ದುಬಾರಿ ಮಾಲು. ಸರ್ಕಾರದ ಕಂಪನಿ ಕೋಟಿಗಟ್ಟಲೆ ಬಲ್ಬನ್ನು ಒಟ್ಟಿಗೆ ಕೊಂಡಿದ್ದರಿಂದ ಬೆಲೆ ಬಿತ್ತು. ಮುಂದೆ 70 ರೂಪಾಯಿಗೇ ಸಿಗತೊಡಗಿತು. 60 ವ್ಯಾಟ್ ಬುರುಡೆ ಬಲ್ಬ್ ತೆಗೆದು 9 ವ್ಯಾಟ್ ಹಾಕೋದು ಅಂದರೆ ಆರರಲ್ಲಿ ಐದು ಪಾಲು ಉಳಿತಾಯ. ನನ್ನ ಪ್ರಕಾರ ಮನೆ ಕರೆಂಟ್ ಉಳಿಸೋಕೆ ಈ ದೇಶದಲ್ಲಿ ಬಂದ ಯೋಜನೆಗಳಲ್ಲಿ ಇದಕ್ಕಿಂತ ಚೊಕ್ಕದ್ದು ಇನ್ನೊಂದಿಲ್ಲ. ಅರ್ಜಿ ಇಲ್ಲ, ಪೋರ್ಟಲ್ ಇಲ್ಲ, ಕೈಯಲ್ಲಿ ಬಲ್ಬ್ ಹಿಡಿದು ಮನೆಗೆ ಬರಬಹುದಿತ್ತು.

ಆಗಲೇ ಎಲ್ಲ ಬಲ್ಬ್ ಬದಲಿಸಿ ಕಟ್ಟುನಿಟ್ಟಾಗಿ ಬದುಕಿದವರ ಸರಾಸರಿ 2022-23ರ ಹೊತ್ತಿಗೆ ಇಳಿದಿತ್ತು. ಹಾಗಾಗಿ ಅವರ ಉಚಿತ ಮಿತಿಯೂ ಇಳಿಯಿತು. ಉಳಿಸಿದವರಿಗೆ ಕಡಿಮೆ, ಉರಿಸಿದವರಿಗೆ ಜಾಸ್ತಿ! ಎದುರು ಮನೆ ಅಜ್ಜಿ ರಾತ್ರಿ ಊಟ ಆದ ಕೂಡಲೇ ಅಡಿಗೆ ಮನೆ ದೀಪ ಆರಿಸುವವರು. ಅವರಿಗೆ 48. ಬಡವರ ಮನೆಗೆ ಸೊನ್ನೆ ಬಿಲ್ ಬಂದದ್ದು ದೊಡ್ಡ ಉಪಕಾರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮಿತಿಯನ್ನು ಹಳೇ ಬಳಕೆಗೆ ಗಂಟು ಹಾಕಿದ್ದು ನನಗೆ ಇವತ್ತಿಗೂ ಸರಿ ಕಾಣಲ್ಲ.

ಈಗ ಗೆರೆಯ ವಿಷಯಕ್ಕೆ ಬರೋಣ. ನಮ್ಮ ಮನೆಯ ಲೆಕ್ಕದಲ್ಲೇ ಹೇಳುತ್ತೇನೆ. ನಮ್ಮದು 3 ಕಿಲೋವ್ಯಾಟ್ ಮಂಜೂರಾದ ಮನೆ. 2025ರ ಏಪ್ರಿಲ್ ದರ ಹಿಡಿಯಿರಿ: ಯೂನಿಟ್‌ಗೆ 5 ರೂಪಾಯಿ 80 ಪೈಸೆ, ಜೊತೆಗೆ ನೌಕರರ ಪಿಂಚಣಿ, ಗ್ರಾಚ್ಯುಟಿಗೆ ಅಂತ 36 ಪೈಸೆ. ನಿಗದಿತ ಶುಲ್ಕ ಕಿಲೋವ್ಯಾಟ್‌ಗೆ 145. ಮೇಲೆ 9% ತೆರಿಗೆ.

ಒಂದು ತಿಂಗಳು 199 ಯೂನಿಟ್ ಬಂತು ಅಂದುಕೊಳ್ಳಿ. 143 ಹೋಗಿ ಉಳಿದ 56ಕ್ಕೆ ಮಾತ್ರ ಕಟ್ಟಬೇಕು. ನಾನೂರು ರೂಪಾಯಿ ಒಳಗೇ ಮುಗಿಯುತ್ತದೆ. ಅದೇ 201 ಬಂತು ಅನ್ನಿ. 200 ದಾಟಿತಲ್ಲ, ಗೃಹಜ್ಯೋತಿ ಆ ತಿಂಗಳಿಗೆ ಪೂರ್ತಿ ಹೋಯಿತು. 201 ಯೂನಿಟ್‌ಗೂ ಕಟ್ಟಬೇಕು, ನಿಗದಿತ ಶುಲ್ಕವೂ ಬೀಳುತ್ತದೆ. ಸಾವಿರದ ಏಳುನೂರು ದಾಟುತ್ತದೆ. ಎರಡೇ ಎರಡು ಯೂನಿಟ್‌ಗೆ ಸಾವಿರದ ಮುನ್ನೂರು ರೂಪಾಯಿಗೂ ಹೆಚ್ಚು ವ್ಯತ್ಯಾಸ. ಎರಡು ಯೂನಿಟ್ ಅಂದರೆ ಗೀಸರ್ ಒಂದು ಗಂಟೆ ಉರಿಯೋದು, ಅಷ್ಟೇ.

ನಮ್ಮಂಥ ಮನೆಗೆ ಕರೆಂಟ್ ಉಳಿಸಲು ಇದಕ್ಕಿಂತ ದೊಡ್ಡ ಆಸೆ ಯಾರೂ ತೋರಿಸಿಲ್ಲ. ಯಾರೂ ಇದನ್ನು ಉಳಿತಾಯದ ಯೋಜನೆ ಅಂತ ಕರೆಯೋದಿಲ್ಲ, ಆದರೆ ಕೆಲಸ ಮಾಡೋದು ಅದೇ. 143ರ ಕೆಳಗೆ ಎಷ್ಟು ಉಳಿಸಿದರೂ ಒಂದು ಪೈಸೆ ಬರಲ್ಲ, ಮುಂದಿನ ತಿಂಗಳಿಗೂ ಸೇರಲ್ಲ. 143ರಿಂದ 200ರ ನಡುವೆ ಉಳಿಸಿದರೆ ಯೂನಿಟ್‌ಗೆ ಆರೂವರೆ ರೂಪಾಯಿಯಷ್ಟು ಸಿಕ್ಕ ಹಾಗೆ. 200ರ ಹತ್ತಿರ ಬಂದಾಗ ಒಂದೊಂದು ಯೂನಿಟ್ಟೂ ಚಿನ್ನ.

2024ರ ಏಪ್ರಿಲ್‌ನಲ್ಲಿ ನಮಗೆ 214 ಬಂತು. ದಾವಣಗೆರೆ ಬೇಸಿಗೆ ಗೊತ್ತಲ್ಲ. ಆರ್‌ಸಿಸಿ ಮನೆ, ರಾತ್ರಿ ಹನ್ನೊಂದಾದರೂ ಗೋಡೆ ಬಿಸಿ. ಮಗ ಪಿಯುಸಿ, ರಾತ್ರಿ ಓದು ಅಂತ ರೂಮಿನಲ್ಲಿ ಬೇರೆ ಫ್ಯಾನ್, ಬೇರೆ ಲೈಟ್. ನಮ್ಮ ಮನೆಯವರು "ಫ್ರಿಡ್ಜ್ ಹಳೇದಾಯ್ತು, ಅದೇ ತಿಂತಿರೋದು, ಬದಲಿಸಿಬಿಡೋಣ" ಅಂದರು. ನಾನು ಒಪ್ಪಲಿಲ್ಲ. ಯಾವುದು ಎಷ್ಟು ತಿನ್ನುತ್ತೆ ಅಂತ ಗೊತ್ತಿಲ್ಲದೆ ಇಪ್ಪತ್ತೈದು ಸಾವಿರ ಖರ್ಚು ಮಾಡೋದಾ?

ಅದಕ್ಕೊಂದು ಸುಲಭದ ದಾರಿ ಇದೆ. ಮೀಟರ್ ಮುಂದೆ ಹೋಗಿ ನಿಲ್ಲಿ. ಒಂದು ಸಣ್ಣ ಕೆಂಪು ದೀಪ ಮಿಣುಕುತ್ತಾ ಇರುತ್ತದೆ. ಅದರ ಹತ್ತಿರ ಒಂದು ಸಂಖ್ಯೆ ಬರೆದಿರುತ್ತಾರೆ. ನಮ್ಮ ಮೀಟರ್‌ನಲ್ಲಿ 3200 ಅಂತಿದೆ. ಅಂದರೆ ಆ ದೀಪ 3200 ಸಲ ಮಿಣುಕಿದರೆ ಒಂದು ಯೂನಿಟ್. ಮನೆಯಲ್ಲಿ ಎಲ್ಲಾ ಆರಿಸಿ, ಒಂದೊಂದೇ ವಸ್ತು ಹಾಕಿ, ನಿಮಿಷಕ್ಕೆ ಎಷ್ಟು ಸಲ ಮಿಣುಕುತ್ತೆ ಅಂತ ಎಣಿಸಿದರೆ ಆಯಿತು. ಹಳೇ ಫ್ಯಾನ್, 75 ವ್ಯಾಟ್‌ದು, ನಿಮಿಷಕ್ಕೆ ನಾಲ್ಕು ಸಲ. ಎರಡು ಸಾವಿರ ವ್ಯಾಟ್ ಗೀಸರ್ ಹಾಕಿದರೆ ಎಣಿಸೋಕೇ ಆಗಲ್ಲ, ನಿಮಿಷಕ್ಕೆ ನೂರು ದಾಟುತ್ತೆ.

ಒಂದು ಭಾನುವಾರ ಮಧ್ಯಾಹ್ನ ಮೊಬೈಲ್‌ನಲ್ಲಿ ಟೈಮರ್ ಇಟ್ಟುಕೊಂಡು ನಿಂತೆ. ಮಗ ಒಳಗಿಂದ "ಅಮ್ಮಾ, ಹಾಲ್ ಫ್ಯಾನ್ ಆನ್", "ಅಮ್ಮಾ, ಆಫ್" ಅಂತ ಕೂಗುತ್ತಿದ್ದ. ಅತ್ತೆ ಜಗುಲಿ ಮೇಲೆ ಕೂತು ಎಲೆ ಅಡಿಕೆ ಹಾಕ್ಕೊಳ್ಳುತ್ತಾ, "ಅಲ್ಲವ್ವ, ಗ್ವಾಡಿ ನೋಡ್ಕಂತ ಏನ್ ಎಣಿಸ್ತೀಯ ನೀನು?" ಅಂದರು.

"ಕರೆಂಟ್ ಎಣಿಸ್ತಿದ್ದೀನಿ ಅತ್ತೆ."

"ಎಣಿಸು ಎಣಿಸು. ರೊಕ್ಕ ಎಣಿಸೋದ್ ಸಾಲ್ದು ಅಂತ."

ಗಮ್ಮತ್ತು ಏನಾಯಿತೆಂದರೆ, ಎಲ್ಲಾ ಆರಿಸಿ, ಫ್ರಿಡ್ಜ್ ಪ್ಲಗ್ ಕೂಡ ಕಿತ್ತ ಮೇಲೂ ದೀಪ ಮಿಣುಕುತ್ತಲೇ ಇತ್ತು. ನಿಮಿಷಕ್ಕೆ ಎರಡು ಸಲ. ಮೇಲಿನ ಬಾಡಿಗೆದಾರರದು ಬೇರೆ ಮೀಟರ್, ಹಾಗಾಗಿ ಅವರದಲ್ಲ. ಕಳ್ಳ ಯಾರು ಅಂತ ಹುಡುಕಿದರೆ ಮೆಟ್ಟಿಲ ಕೆಳಗಿನ ಯುಪಿಎಸ್! ಲೋಡ್ ಶೆಡ್ಡಿಂಗ್ ಕಾಲದಲ್ಲಿ ಹಾಕಿಸಿದ್ದು. ಬ್ಯಾಟರಿ ಮುದಿಯಾಗಿ ಚಾರ್ಜ್ ಹಿಡಿಯದೆ, ಇಪ್ಪತ್ನಾಲ್ಕು ಗಂಟೆಯೂ ಕರೆಂಟ್ ಎಳೆಯುತ್ತಾ ಕೂತಿತ್ತು. ನಿಮಿಷಕ್ಕೆ ಎರಡು ಅಂದರೆ 37 ವ್ಯಾಟ್ ಚಿಲ್ಲರೆ. ಕಮ್ಮಿ ಅನ್ನಿಸುತ್ತೆ ಅಲ್ವಾ? ತಿಂಗಳಿಗೆ 27 ಯೂನಿಟ್. ಕರೆಂಟ್ ಹೋದಾಗ ಹತ್ತು ನಿಮಿಷವೂ ಬಾರದ ಯುಪಿಎಸ್‌ಗೆ ನಾವು ತಿಂಗಳು ತಿಂಗಳು ಇಷ್ಟು ಕೊಡುತ್ತಿದ್ದೆವು. ಅವತ್ತೇ ಕಿತ್ತು ಹಾಕಿಸಿದೆ. ಹಳೇ ಬ್ಯಾಟರಿಗೆ ಗುಜರಿಯವನು ದುಡ್ಡು ಬೇರೆ ಕೊಟ್ಟ. ಈಗ ರೀಚಾರ್ಜ್ ಆಗುವ ಎರಡು ಎಲ್‌ಇಡಿ ಲೈಟ್ ಇವೆ, ಸಾಕು.

ಫ್ರಿಡ್ಜ್ ಪಾಪ, ಅಷ್ಟೇನೂ ತಿನ್ನುತ್ತಿರಲಿಲ್ಲ. ಅದು ಹಾಗೇ ಇದೆ.

ಎರಡನೇ ಕಳ್ಳ ಫ್ಯಾನ್. ನಮ್ಮೂರಲ್ಲಿ ಫೆಬ್ರುವರಿಯಿಂದ ಫ್ಯಾನ್ ನಿಲ್ಲೋದೇ ಇಲ್ಲ, ಮಳೆಗಾಲದಲ್ಲೂ ಸೊಳ್ಳೆಗೆ ಅಂತ ತಿರುಗುತ್ತಿರುತ್ತೆ. 75 ವ್ಯಾಟ್ ಫ್ಯಾನ್ ದಿನಕ್ಕೆ 15 ಗಂಟೆ ತಿರುಗಿದರೆ ತಿಂಗಳಿಗೆ 33 ಯೂನಿಟ್ ಮೇಲೆ. ಬಿಎಲ್‌ಡಿಸಿ ಫ್ಯಾನ್ ಅಂತ ಬರುತ್ತಲ್ಲ, ಅದು 30 ವ್ಯಾಟ್ ಆಸುಪಾಸು. ಅಷ್ಟೇ ಹೊತ್ತಿಗೆ ಹದಿಮೂರು, ಹದಿನಾಲ್ಕು ಯೂನಿಟ್. ಒಂದು ಫ್ಯಾನ್‌ಗೆ 20 ಯೂನಿಟ್ ಉಳಿತು. ಸೀಲಿಂಗ್ ಫ್ಯಾನ್‌ಗೂ ಈಗ ಸ್ಟಾರ್ ಗುರುತು ಕಡ್ಡಾಯ, ಡಬ್ಬಿ ಮೇಲೆ ನೋಡಿ ತರಬಹುದು. ಬೆಲೆ ಎರಡೂವರೆ, ಮೂರು ಸಾವಿರ. ನಾವು ಕೊಂಡದ್ದಕ್ಕೆ ಸಬ್ಸಿಡಿ ಏನೂ ಇರಲಿಲ್ಲ. ಹಾಲ್‌ಗೆ ಮತ್ತು ಎರಡು ರೂಮಿಗೆ ಹಾಕಿಸಿದೆ. ಎಲೆಕ್ಟ್ರಿಷಿಯನ್ ಹತ್ತಿರ ಹಳೇ ರೆಗ್ಯುಲೇಟರ್ ತೆಗೆಸಿಬಿಡಿ, ಇವು ರಿಮೋಟ್‌ನಲ್ಲಿ ನಡೆಯುವಂಥವು. ಅತ್ತೆಗೆ ಇದೊಂದು ಸರಿ ಬರಲಿಲ್ಲ. "ಫ್ಯಾನಿಗೂ ಒಂದು ರಿಮೋಟಾ?" ಅಂದು ಅದನ್ನು ಎಲೆ ಅಡಿಕೆ ಚೀಲದಲ್ಲಿ ಇಟ್ಟುಕೊಂಡಿದ್ದಾರೆ. ಅವರು ಮಲಗಿದ ಮೇಲೆ ಹಾಲ್‌ನಲ್ಲಿ ಗಾಳಿ ಜೋರು ಮಾಡೋಕೆ ಯಾರಿಗೂ ಧೈರ್ಯ ಇಲ್ಲ.

2025ರ ಏಪ್ರಿಲ್‌ಗೆ ನಮ್ಮ ಬಿಲ್ 152 ಯೂನಿಟ್. ಮಿತಿ ಮೀರಿದ 9 ಯೂನಿಟ್‌ಗೆ ಕಟ್ಟಿದ್ದು ಅರವತ್ತು ಚಿಲ್ಲರೆ. ಉಳಿದ ತಿಂಗಳು ಸೊನ್ನೆ. ಇಷ್ಟಾದ ಮೇಲೆ ಇನ್ನೂ ಉಳಿಸೋಕೆ ಹೋದರೆ ಪುಣ್ಯಕ್ಕೆ ಉಳಿಸಬೇಕು, ದುಡ್ಡಿಗಲ್ಲ.

ಇಂಥ ಮನೆಗೆ ಸೋಲಾರ್ ಮಾರೋಕೆ ಒಬ್ಬ ಹುಡುಗ ಬಂದಿದ್ದ. ಟೈ ಕಟ್ಟಿಕೊಂಡು, ಬಣ್ಣ ಬಣ್ಣದ ಹಾಳೆ ಹಿಡಿದುಕೊಂಡು. "ಮೇಡಂ, ನಿಮ್ಮ ಬಿಲ್ ಸೊನ್ನೆ ಮಾಡಿಕೊಡ್ತೀವಿ." ನಾನು ಹಿಂದಿನ ತಿಂಗಳ ಬಿಲ್ ತಂದು ತೋರಿಸಿದೆ. ಆಗಲೇ ಸೊನ್ನೆ. ಒಂದು ಕ್ಷಣ ತಬ್ಬಿಬ್ಬಾದ. ಆಮೇಲೆ "ಗೃಹಜ್ಯೋತಿ ಯಾವತ್ತಾದರೂ ನಿಂತುಬಿಟ್ರೆ?" ಅಂದ. ಪ್ರಶ್ನೆ ತಪ್ಪಲ್ಲ. ಆದರೆ ನಿಲ್ಲಬಹುದು ಅಂತ ಇವತ್ತೇ ಲಕ್ಷದ ಮೇಲೆ ಹಾಕುವ ಸ್ಥಿತಿ ನಮ್ಮದಲ್ಲ. ಮಜ್ಜಿಗೆ ಕುಡಿಸಿ ಕಳಿಸಿದೆ.

ಅದೇ ಹುಡುಗ ನಮ್ಮ ಭಾವನ ಮನೆಗೆ ಹೋಗಿದ್ದರೆ ಅವನ ಮಾತಿಗೆ ಬೆಲೆ ಇತ್ತು. ವಿನೋಬನಗರದ ಹಳೇ ಮನೆ ಅದು. ಭಾವ, ವಾರಗಿತ್ತಿ, ಇಬ್ಬರು ಗಂಡುಮಕ್ಕಳು, ಒಬ್ಬ ಸೊಸೆ, ಮೊಮ್ಮಗು. ಒಂದು ಎಸಿ ಇದೆ, ವಾಷಿಂಗ್ ಮಷಿನ್ ದಿನಾ ತಿರುಗುತ್ತೆ, ಬೋರ್ ಮೋಟರ್ ಇದೆ. ತಿಂಗಳಿಗೆ 320ರ ಸುತ್ತಮುತ್ತ. ಗೃಹಜ್ಯೋತಿ ಅವರಿಗೆ ಸಿಕ್ಕೇ ಇಲ್ಲ. ಬರೀ ಯೂನಿಟ್ ಮತ್ತು ತೆರಿಗೆಗೇ ಎರಡು ಸಾವಿರ ದಾಟುತ್ತೆ, ನಿಗದಿತ ಶುಲ್ಕ ಬೇರೆ.

ಇಂಥವರಿಗೆ ಅಂತಲೇ ಇರೋದು ಪಿಎಂ ಸೂರ್ಯಘರ್. ಮನೆ ತಾರಸಿ ಮೇಲೆ ಸೋಲಾರ್ ಹಾಕಿಸೋಕೆ ಕೇಂದ್ರ ಸರ್ಕಾರ 2024ರ ಫೆಬ್ರುವರಿಯಲ್ಲಿ ತಂದ ಯೋಜನೆ, ಒಂದು ಕೋಟಿ ಮನೆಗಳ ಗುರಿ. ಸಬ್ಸಿಡಿ ಲೆಕ್ಕ ಹೀಗೆ: ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000. ಒಟ್ಟು 78,000. ಅಲ್ಲಿಗೆ ಮುಗಿಯಿತು. ಐದು ಕಿಲೋವ್ಯಾಟ್ ಹಾಕಿಸಿದರೂ ಅದೇ 78,000. "ದೊಡ್ಡದು ಹಾಕಿಸಿದ್ರೆ ಸಬ್ಸಿಡಿ ಜಾಸ್ತಿ" ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಒಂದು ಕಿಲೋವ್ಯಾಟ್ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಕೊಡುತ್ತೆ, ನೂರು ಚದರಡಿ ಬಿಸಿಲು ಬೀಳುವ ಜಾಗ ಬೇಕು. ಮೂರು ಕಿಲೋವ್ಯಾಟ್ ಅಂದರೆ ತಿಂಗಳಿಗೆ 360. ಜೂನ್, ಜುಲೈ ಮೋಡದಲ್ಲಿ ಇಳಿಯುತ್ತೆ, ಮಾರ್ಚ್, ಏಪ್ರಿಲ್‌ನಲ್ಲಿ ಏರುತ್ತೆ. ಭಾವನಿಗೆ ಬಂದ ಕೊಟೇಶನ್ ಎರಡು ಲಕ್ಷದ ಹತ್ತಿರ. 78,000 ಕಳೆದರೆ ಒಂದು ಲಕ್ಷದ ಇಪ್ಪತ್ತು ಸಾವಿರ ಚಿಲ್ಲರೆ. ತಿಂಗಳಿಗೆ ಎರಡು ಸಾವಿರ ಉಳಿದರೆ ಐದು ವರ್ಷದಲ್ಲಿ ಅಸಲು ವಾಪಸ್. ಪ್ಯಾನೆಲ್‌ಗೆ ಕಂಪನಿಗಳು 25 ವರ್ಷದ ವಾರಂಟಿ ಹೇಳುತ್ತವೆ. 2025ರ ಸೆಪ್ಟೆಂಬರ್ 22ರಿಂದ ಸೋಲಾರ್ ಮೇಲಿನ ಜಿಎಸ್‌ಟಿ 12ರಿಂದ 5 ಶೇಕಡಾಕ್ಕೆ ಇಳಿದಿದೆ. ಹಳೇ ಕೊಟೇಶನ್ ಇಟ್ಟುಕೊಂಡಿದ್ದರೆ ಹೊಸದು ಕೇಳಿ.

ಮಾರೋರು ಬಾಯಿ ಬಿಡದ ನಾಲ್ಕು ವಿಷಯ ಇವೆ. ಒಂದು, 78,000 ಮೊದಲೇ ಕಡಿತ ಆಗಿ ಬರಲ್ಲ. ಪೂರ್ತಿ ದುಡ್ಡು ನೀವು ಕೊಟ್ಟು, ಪ್ಯಾನೆಲ್ ಕೂತು, ಹೊಸ ಮೀಟರ್ ಬಂದು, ಬೆಸ್ಕಾಂನವರು ನೋಡಿ ಒಪ್ಪಿದ ಮೇಲೆ ಸಬ್ಸಿಡಿ ನಿಮ್ಮ ಬ್ಯಾಂಕ್ ಖಾತೆಗೆ ಬರುತ್ತೆ. ಅಲ್ಲಿವರೆಗೆ ಕೈಯಲ್ಲಿ ಪೂರ್ತಿ ಹಣ ಇರಬೇಕು. ಇಲ್ಲದಿದ್ದರೆ ಸರ್ಕಾರಿ ಬ್ಯಾಂಕುಗಳಲ್ಲಿ ಇದಕ್ಕೆ ಅಂತಲೇ ಅಡಮಾನ ಇಲ್ಲದ ಸಾಲ ಇದೆ, ಮೂರು ಕಿಲೋವ್ಯಾಟ್ ವರೆಗೆ ಎರಡು ಲಕ್ಷದ ತನಕ. ಬಡ್ಡಿ ಕೈಸಾಲಕ್ಕಿಂತ ಎಷ್ಟೋ ಕಮ್ಮಿ. ಎರಡು, ಭಾರತದಲ್ಲೇ ತಯಾರಾದ ಸೆಲ್ ಇರುವ ಪ್ಯಾನೆಲ್‌ಗೆ ಮಾತ್ರ ಸಬ್ಸಿಡಿ. ಅಗ್ಗದ ಕೊಟೇಶನ್ ಬಂದರೆ ಪ್ಯಾನೆಲ್ ಯಾವುದು ಅಂತ ಬರೆಸಿಕೊಳ್ಳಿ. ಮೂರು, ನಿಗದಿತ ಶುಲ್ಕ ಎಲ್ಲೂ ಹೋಗಲ್ಲ. ಹೆಚ್ಚುವರಿ ಯೂನಿಟ್‌ಗೆ ಬೆಸ್ಕಾಂ ಕೊಡುವ ಬೆಲೆ ನಾವು ಅವರಿಗೆ ಕೊಡುವ ಬೆಲೆಗಿಂತ ಕಡಿಮೆ. ಹಾಗಾಗಿ ಕರೆಂಟ್ ಮಾರಿ ಶ್ರೀಮಂತರಾಗುವ ಕನಸು ಬೇಡ, ಮನೆಗೆ ಬೇಕಾದಷ್ಟು ಹಾಕಿಸಿ. ನಾಲ್ಕನೆಯದು ಕೇಳಿ ಭಾವನೇ ಬೆಚ್ಚಿದರು. ಲೈನ್‌ನಲ್ಲಿ ಕರೆಂಟ್ ಹೋದರೆ ಈ ಸೋಲಾರೂ ನಿಲ್ಲುತ್ತೆ. ಮಟಮಟ ಮಧ್ಯಾಹ್ನ ಬಿಸಿಲಿದ್ದರೂ ಅಷ್ಟೇ. ನಮ್ಮ ಮನೆಯ ಕರೆಂಟ್ ವಾಪಸ್ ತಂತಿಗೆ ಹರಿದರೆ ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್ ಜೀವಕ್ಕೆ ಅಪಾಯ, ಅದಕ್ಕೇ ಇನ್ವರ್ಟರ್ ತಾನಾಗೇ ನಿಂತುಬಿಡುತ್ತೆ. ಕರೆಂಟ್ ಹೋದಾಗಲೂ ಬೇಕು ಅಂದರೆ ಬ್ಯಾಟರಿ ಬೇಕು, ಅದರ ಖರ್ಚು ಬೇರೆ.

ನಮ್ಮೂರಿಗೆ ಅಂತ ಇನ್ನೊಂದು ಮಾತು. ಇಲ್ಲಿ ಧೂಳು ಜಾಸ್ತಿ, ಪ್ಯಾನೆಲ್ ಆಗಾಗ ತೊಳೆಯಲೇಬೇಕು. ಬೋರ್ ನೀರಿನಲ್ಲಿ ತೊಳೆಯಬೇಡಿ. ಗಡಸು ನೀರು ಒಣಗಿದ ಮೇಲೆ ಗಾಜಿನ ಮೇಲೆ ಬಿಳಿ ಕಲೆ ಕೂರುತ್ತೆ, ಆಮೇಲೆ ಉಜ್ಜಿದರೂ ಹೋಗಲ್ಲ. ನಲ್ಲಿ ನೀರು ಎರಡು ಬಕೆಟ್ ಎತ್ತಿಡಿ, ಬೆಳಿಗ್ಗೆ ಬಿಸಿಲು ಏರೋ ಮುಂಚೆ ತೊಳೆಯಿರಿ. ಸೋಲಾರ್ ವಾಟರ್ ಹೀಟರ್ ಇರುವ ಮನೆಗಳಿಗೆ ಇದು ಗೊತ್ತಿದ್ದದ್ದೇ, ಬೋರ್ ನೀರಿನ ಉಪ್ಪು ಕಟ್ಟಿ ಪೈಪ್ ಮುಚ್ಚಿಕೊಂಡಿರುತ್ತೆ. ಆ ಹೀಟರ್‌ಗೆ ಬಿಲ್ಲಿನಲ್ಲಿ ಯೂನಿಟ್‌ಗೆ 50 ಪೈಸೆ, ತಿಂಗಳಿಗೆ ಹೆಚ್ಚೆಂದರೆ 50 ರೂಪಾಯಿ ರಿಯಾಯಿತಿ ಅಂತ ವರ್ಷಗಟ್ಟಲೆ ಕೊಟ್ಟರು. ಅದನ್ನು ಕೇಳಿ ಪಡೆದವರು ನಮ್ಮ ಬೀದಿಯಲ್ಲಿ ಎಷ್ಟು ಜನ ಇದ್ದಾರೋ! ಕೇಳದಿದ್ದರೆ ತಾನಾಗೇ ಬರುತ್ತಾ?

ಮೇಲಿನ ಬಾಡಿಗೆ ಮನೆಯ ಕತೆ ಬೇರೆ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು, ಹೋದ ವರ್ಷ ಬಂದದ್ದು. ಹೊಸಬರು ಅಂತ ಅವರಿಗೆ ಮಿತಿ 58. ಮೇಲ್ಮಹಡಿ, ತಾರಸಿ ಕಾದು ಕೆಂಡ. ಎರಡು ಫ್ಯಾನ್, ಒಂದು ಕೂಲರ್. ತಿಂಗಳಿಗೆ ನೂರು ದಾಟುತ್ತೆ, ಪಾಪ, ನಲವತ್ತು ಐವತ್ತು ಯೂನಿಟ್‌ಗೆ ಕಟ್ಟುತ್ತಾರೆ. ಅಲ್ಲಿ ಬಿಎಲ್‌ಡಿಸಿ ಫ್ಯಾನ್ ಹಾಕಿಸಿದರೆ ದುಡ್ಡು ನನ್ನದು, ಉಳಿಯೋದು ಅವರಿಗೆ. ಅವರು ಹಾಕಿಸಿದರೆ ಖಾಲಿ ಮಾಡುವಾಗ ಬಿಚ್ಚಿಕೊಂಡು ಹೋಗಬೇಕು. ಬಾಡಿಗೆ ಮನೆಗಳಲ್ಲಿ ಹಳೇ ಫ್ಯಾನ್ ಕಿರ್ರೋ ಅಂತ ತಿರುಗುತ್ತಾ ಇರೋದಕ್ಕೆ ಇದೇ ಕಾರಣ. ಯಾವ ಯೋಜನೆಯೂ ಈ ಗಂಟು ಬಿಚ್ಚಿಲ್ಲ. ನಾವು ಅರ್ಧ ಅರ್ಧ ಹಾಕಿಕೊಂಡೆವು, ಫ್ಯಾನ್ ಮನೆಯಲ್ಲೇ ಉಳಿಯಬೇಕು ಅಂತ ಮಾತಾಯಿತು. ತಾರಸಿಗೆ ಬಿಳಿ ಬಣ್ಣ ನಾನೇ ಬಳಿಸಿದೆ. ಬಿಸಿಲು ವಾಪಸ್ ಹೊಡೆಯುವಂಥ ಬಣ್ಣ ಬರುತ್ತೆ. ಅದಕ್ಕೂ ಯಾರೂ ಪೈಸೆ ಕೊಡಲ್ಲ, ಆದರೆ ಮೇಲಿನ ಹುಡುಗಿ "ಅಕ್ಕಾ, ಈಗ ರಾತ್ರಿ ಕೂಲರ್ ಬೇಗ ಆಫ್ ಮಾಡ್ತೀವಿ" ಅಂದಳು.

ಜಗಳೂರು ಕಡೆ ನನ್ನ ತವರಿನಲ್ಲಿ ಮಣ್ಣಿನ ಮಾಳಿಗೆ ಮನೆ ಇತ್ತು. ದಪ್ಪ ಗೋಡೆ, ಮೇಲೆ ಮಣ್ಣು. ಮೇ ತಿಂಗಳಲ್ಲೂ ಮಧ್ಯಾಹ್ನ ಚಾಪೆ ಹಾಕಿ ಮಲಗಿದರೆ ನಿದ್ದೆ ಬರೋದು. ಅಣ್ಣ ಅದನ್ನು ಕೆಡವಿ ಆರ್‌ಸಿಸಿ ಮಾಡಿಸಿದ. ಮಳೆಗಾಲದಲ್ಲಿ ಮಾಳಿಗೆ ಸೋರುತ್ತೆ, ಪ್ರತಿ ವರ್ಷ ಮಣ್ಣು ಹಾಕಿಸೋಕೆ ಆಳು ಸಿಗಲ್ಲ, ಅವನದೂ ತಪ್ಪಲ್ಲ. ಈಗ ಎಸಿ ಹಾಕಿಸೋ ಯೋಚನೆ ನಡೀತಿದೆ. ಎಸಿ ಮೇಲಿನ ಜಿಎಸ್‌ಟಿ ಕೂಡ 28ರಿಂದ 18ಕ್ಕೆ ಇಳಿದಿದೆಯಲ್ಲ, ಅಂಗಡಿಯವರು ಅದನ್ನೇ ಹೇಳಿ ಕರೆಯುತ್ತಿದ್ದಾರೆ. ಕರೆಂಟ್ ಉಳಿಸಿ ಅಂತಲೂ ಆಸೆ ತೋರಿಸುತ್ತಾರೆ, ಎಸಿ ತಗೊಳ್ಳಿ ಅಂತಲೂ ಆಸೆ ತೋರಿಸುತ್ತಾರೆ. ತಗೊಳ್ಳೋದಾದರೆ ಸ್ಟಾರ್ ಜೊತೆಗೆ ಆ ಸ್ಟಿಕ್ಕರ್ ಮೇಲೆ ಬರೆದಿರುವ ವರ್ಷದ ಯೂನಿಟ್ ಲೆಕ್ಕ ನೋಡು, ಯಾವ ವರ್ಷದ ಸ್ಟಾರ್ ಅಂತಲೂ ನೋಡು ಅಂತ ಅಣ್ಣನಿಗೆ ಹೇಳಿದ್ದೇನೆ. ಸ್ಟಾರ್ ಕೊಡುವ ಅಳತೆಯನ್ನು ಆಗಾಗ ಬಿಗಿ ಮಾಡುತ್ತಾರೆ. ಗೋದಾಮಿನಲ್ಲಿ ಉಳಿದ ಹಳೇ ಐದು ಸ್ಟಾರ್ ಮಾಲು ಇವತ್ತಿನ ಐದು ಸ್ಟಾರ್‌ಗೆ ಸಮ ಅಲ್ಲ.

ಭಾವನ ಸೋಲಾರ್ ಎಲ್ಲಿಗೆ ಬಂತು ಅಂತ ಕೇಳುತ್ತೀರೇನೋ. ಪೋರ್ಟಲ್‌ನಲ್ಲಿ ಅರ್ಜಿ ಹಾಕಲು ಕೂತಾಗ ಗೊತ್ತಾಯಿತು, ಆ ಮನೆಯ ಆರ್‌ಆರ್ ನಂಬರ್, ಅಂದರೆ ಕರೆಂಟ್ ಸಂಪರ್ಕದ ನಂಬರ್, ಇನ್ನೂ ನಮ್ಮ ಮಾವನ ಹೆಸರಿನಲ್ಲೇ ಇದೆ. ಮಾವ ತೀರಿಕೊಂಡು ಎಷ್ಟೋ ವರ್ಷ ಆಯಿತು. ಬಿಲ್ ಅವರ ಹೆಸರಿಗೆ ಬರುತ್ತೆ, ಭಾವ ಕಟ್ಟುತ್ತಾರೆ, ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಆದರೆ ಸಬ್ಸಿಡಿ ಬರಬೇಕಾದರೆ ಬಿಲ್ಲಿನ ಹೆಸರು, ಅರ್ಜಿಯ ಹೆಸರು, ಬ್ಯಾಂಕ್ ಖಾತೆಯ ಹೆಸರು ಒಂದೇ ಇರಬೇಕು. ಮಾವನ ಹೆಸರಿನಲ್ಲಿ ಖಾತೆ ತೆರೆಯೋಕಾಗುತ್ತಾ? ಮೊದಲು ಹೆಸರು ವರ್ಗಾವಣೆ ಆಗಬೇಕು. ಅದಕ್ಕೆ ಮರಣ ಪತ್ರ, ಮನೆ ಕಂದಾಯದ ರಸೀದಿ, ವಾರಸುದಾರರ ಒಪ್ಪಿಗೆ. ಈ ಊರಿನಲ್ಲಿ ಅರ್ಧಕ್ಕರ್ಧ ಹಳೇ ಮನೆಗಳ ಮೀಟರ್ ಅಜ್ಜಂದಿರ ಹೆಸರಿನಲ್ಲೇ ಇರಬೇಕು ಅಂತ ನನ್ನ ಗುಮಾನಿ. ನೀವೂ ಒಂದು ಸಲ ಬಿಲ್ ತೆಗೆದು ಹೆಸರು ನೋಡಿ.

ಅತ್ತೆ ಹೆಬ್ಬೆಟ್ಟು ಒತ್ತಿದ್ದಾರೆ, ನಮ್ಮ ಮನೆಯವರು ಸಹಿ ಹಾಕಿದ್ದಾರೆ. ಉಳಿದದ್ದು ಹುಬ್ಬಳ್ಳಿಯಲ್ಲಿರುವ ನಾದಿನಿಯ ಸಹಿ. ಕಾಗದ ಕಳಿಸ್ತೀವಿ ಅಂದರೆ, "ಕೊರಿಯರ್‌ನಾಗ ಬ್ಯಾಡ, ದೀಪಾವಳಿಗೆ ಬಂದಾಗ ಹಾಕ್ತೀನಿ, ಅಣ್ಣನ ಮನಿ ಕಾಗದಕ್ಕ ಸುಮ್ನೆ ಹೆಂಗ್ ಸಹಿ ಹಾಕ್ಲಿ, ಓದಿ ನೋಡ್ಬೇಕಲ್ಲ" ಅಂದಿದ್ದಾಳೆ. ಭಾವ ಸ್ವಲ್ಪ ಗುರ್ ಅಂದರು. ನನಗೇನೋ ಅವಳು ಹೇಳಿದ್ದು ಸರಿ ಅನ್ನಿಸಿತು.